ಕಪ್ಪಿನ ಚಕ್ರ ಯಾರ ಕೈಯಲ್ಲಿ?

ನಾನು ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ. ಅಜ್ಜನ ಮನೆ ಕುಮಟಾದ ಕಡೆ. ನಡುವೆ ದೇವಿಮನೆ ಘಟ್ಟ. ಹಾಗಾಗಿ ನಮ್ಮ ಬಳಗದಲ್ಲಿ ಯಾರ ಹೊಟ್ಟೆ ಎಷ್ಟು ಗಟ್ಟಿ ಅನ್ನೋದು ಗುಟ್ಟಾಗಿ ಉಳಿದದ್ದೇ ಇಲ್ಲ. ಬಸ್ಸು ಹತ್ತುವ ಮೊದಲೇ ಕಿಟಕಿ ಪಕ್ಕದ ಸೀಟು ಯಾರಿಗೆ, ನಿಂಬೆಹಣ್ಣು ಯಾರ ಕೈಗೆ, ಪ್ಲಾಸ್ಟಿಕ್ ಕೊಟ್ಟೆ ಯಾರ ಮಡಿಲಿಗೆ ಅಂತ ತೀರ್ಮಾನ ಆಗಿರುತ್ತಿತ್ತು. ನನಗೆ ಮೂರೂ ಸಿಗುತ್ತಿದ್ದವು.

ಈಗ ನಾವಿರೋದು ಅಟ್ಲಾಂಟಾದಲ್ಲಿ. ಹೋದ ನವೆಂಬರಿನಲ್ಲಿ ಆಯಿ, ಅಂದರೆ ನನ್ನ ಅಮ್ಮ, ಊರಿಂದ ಬಂದಿದ್ದಳು. ಮಕ್ಕಳಿಗೆ ರಜೆ. ಎಲ್ಲರೂ ಸೇರಿ ಒರ್ಲಾಂಡೊಗೆ ಹೋಗಿ ಡಿಸ್ನಿ ನೋಡಿ ಬರೋಣ ಅಂತಾಯಿತು. ಮಗಳಿಗೆ ನಾಲ್ಕು ವರ್ಷ. ಅವಳಿಗೆ ಅಲ್ಲಿ ಬೇಕಾಗಿದ್ದದ್ದು ಒಂದೇ: ಚಿತ್ರದಲ್ಲಿ ನೋಡಿದ್ದ ಗರಗರ ತಿರುಗುವ ಚಹಾ ಕಪ್ಪು. ರಾಜಕುಮಾರಿಯರೂ ಬೇಡ, ಮಿಕ್ಕಿಯೂ ಬೇಡ.

ತಿರುಗುವ ಆಟ ಅಂದರೆ ನನಗೆ ಎದೆ ಧಸಕ್ ಅನ್ನುತ್ತಿತ್ತು. ಅದಕ್ಕೆ ಎರಡು ವರ್ಷದ ಹಿಂದಿನ ಕಥೆ ಕಾರಣ. ನಮ್ಮ ಊರ ಹತ್ತಿರ ಸಂತೆಯ ಹಾಗೆ ವರ್ಷಕ್ಕೊಮ್ಮೆ ಒಂದು ಫೇರ್ ಸೇರುತ್ತದೆ. ಅಲ್ಲಿ ಒಂದು ದುಂಡನೆಯ ಕೋಣೆ, ಒಳಗೆ ಗೋಡೆಗೆ ಒರಗಿ ನಿಲ್ಲಬೇಕು, ಅದು ತಿರುಗುವ ರಭಸಕ್ಕೆ ಬೆನ್ನು ಗೋಡೆಗೆ ಅಂಟಿಕೊಳ್ಳುತ್ತದೆ. ಮಗನಿಗೆ ಆಗ ಎಂಟು. ಬಾಗಿಲಲ್ಲಿ ಎತ್ತರ ಅಳೆಯುವ ಹಲಗೆ ಇತ್ತು, ಇವನ ತಲೆ ಗೆರೆಗಿಂತ ನಾಲ್ಕು ಬೆರಳು ಮೇಲಿತ್ತು. ನಮ್ಮ ಯೋಚನೆ ಅಷ್ಟಕ್ಕೇ ಮುಗಿಯಿತು. ಹೊರಗೆ ಬಂದಾಗ ಹುಡುಗನ ಮುಖ ಸುಣ್ಣ ಬಳಿದ ಹಾಗೆ. ಮಾತಿಲ್ಲ. ಹತ್ತು ಹೆಜ್ಜೆ ನಡೆದು ಅವರಪ್ಪನ ಬೂಟಿನ ಮೇಲೆ ಎಲ್ಲ ಕಕ್ಕಿದ. ಬೂಟು ತೊಳೆದರೆ ಆಯಿತು. ಆದರೆ ಅದಾದ ಮೇಲೆ ಒಂದು ವರ್ಷ ಆ ಹುಡುಗ ಪಾರ್ಕಿನ ಉಯ್ಯಾಲೆಯನ್ನೂ ಹತ್ತಲಿಲ್ಲ.

ಆ ಹಲಗೆ ಹೇಳೋದು ಬೆಲ್ಟು, ಸರಳು ಮಗುವನ್ನು ಹಿಡಿದಿಡುತ್ತವೆಯೇ ಅಂತ ಮಾತ್ರ. ಹೊಟ್ಟೆಯ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಆ ಲೆಕ್ಕ ನಾವೇ ಹಾಕಬೇಕು. ಈ ಸಲ ನಾನು ಹೊರಡುವ ಮೂರು ವಾರ ಮೊದಲೇ ಕೂತು ಹಾಕಿದೆ.

ಮೊದಲು ಆ ಕಪ್ಪಿನ ಆಟ ಏನು ಅಂತ ತಿಳಿದುಕೊಂಡೆ. ಅದರ ಹೆಸರು ಮ್ಯಾಡ್ ಟೀ ಪಾರ್ಟಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಬಾಗಿಲು ತೆರೆದ ದಿನದಿಂದಲೂ ಅಲ್ಲಿ ಈ ಆಟ ಇದೆ. ನಾವು ಹೊರಟಿದ್ದ ಫ್ಲೋರಿಡಾದ ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನಲ್ಲಿ ಇರೋದು ಅದರ ತಂಗಿ, 1971ರ ಅಕ್ಟೋಬರ್ 1ರಂದು ಪಾರ್ಕಿನ ಜೊತೆಯಲ್ಲೇ ಶುರುವಾದದ್ದು. ಎತ್ತರದ ನಿರ್ಬಂಧ ಇಲ್ಲ. ಒಂದು ಸರದಿ ಸುಮಾರು ಒಂದೂವರೆ ನಿಮಿಷ. ಇಷ್ಟು ಓದಿದವರು ‘ಓ, ಮಕ್ಕಳ ಆಟ’ ಅಂದುಕೊಂಡು ಹತ್ತುತ್ತಾರೆ, ಇಳಿದು ಕಂಬ ಹಿಡಿದು ನಿಲ್ಲುತ್ತಾರೆ.

ಅದರ ರಚನೆ ಹೀಗೆ ಊಹಿಸಿಕೊಳ್ಳಿ. ಒಂದು ದೊಡ್ಡ ಹರಿವಾಣ. ಅದರ ಮೇಲೆ ಮೂರು ತಟ್ಟೆ. ಒಂದೊಂದು ತಟ್ಟೆಯ ಮೇಲೆ ಆರಾರು ಕಪ್ಪು, ಒಟ್ಟು 18. ಹರಿವಾಣ ಒಂದು ದಿಕ್ಕಿಗೆ ತಿರುಗುತ್ತದೆ, ತಟ್ಟೆಗಳು ಅದಕ್ಕೆ ಎದುರು ದಿಕ್ಕಿಗೆ. ಇವೆರಡನ್ನೂ ಮಾಡೋದು ಯಂತ್ರ. ಮೂರನೆಯ ಸುತ್ತು ಕಪ್ಪಿನದು, ಅದು ಯಂತ್ರದ ಕೆಲಸವಲ್ಲ. ಕಪ್ಪಿನ ನಡುವೆ ಒಂದು ದುಂಡನೆಯ ಚಕ್ರ ಇದೆ, ಸುತ್ತ ಕೂತವರು ಅದನ್ನು ಹಿಡಿದು ತಿರುಗಿಸಿದರೆ ಕಪ್ಪು ತಿರುಗುತ್ತದೆ. ಬಿಗಿಯಾಗಿ ಹಿಡಿದುಕೊಂಡರೆ ಕಪ್ಪು ಹೆಚ್ಚು ಕಡಿಮೆ ಸುಮ್ಮನಿರುತ್ತದೆ.

ಇದನ್ನು ಓದಿದಾಗ ನನಗೆ ಮಾರಿಕಾಂಬಾ ಜಾತ್ರೆ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತೇರಿಗಿಂತ ಹೆಚ್ಚು ನಾವು ಕಾಯುತ್ತಿದ್ದದ್ದು ತೊಟ್ಟಿಲಿಗೆ. ಆಮೇಲೆ ಬ್ರೇಕ್ ಡ್ಯಾನ್ಸ್ ಅಂತ ಒಂದು ಬಂತಲ್ಲ, ತಳದ ಹಲಗೆಯೇ ಸುತ್ತುತ್ತಾ ಅದರ ಮೇಲಿನ ಡಬ್ಬಿಗಳೂ ಬೇಕಾಬಿಟ್ಟಿ ತಿರುಗೋದು. ಬ್ರೇಕ್ ಡ್ಯಾನ್ಸಿಗೂ ಈ ಕಪ್ಪಿಗೂ ಸುತ್ತಿನೊಳಗೆ ಸುತ್ತು ಅನ್ನುವ ತತ್ವ ಒಂದೇ. ಆದರೆ ಬ್ರೇಕ್ ಡ್ಯಾನ್ಸಿನ ಡಬ್ಬಿ ಯಾವಾಗ ಯಾವ ಕಡೆ ತಿರುಗೀತು ಅಂತ ಒಳಗೆ ಕೂತವನಿಗೆ ಗೊತ್ತಾಗೋದಿಲ್ಲ, ಅವನಿಗೆ ಅದನ್ನು ತಡೆಯಲೂ ಬರೋದಿಲ್ಲ. ಕಪ್ಪಿನಲ್ಲಿ ಒಂದು ಪಾಲು ನಮ್ಮ ಕೈಯಲ್ಲೇ ಇದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿದದ್ದು ನಮ್ಮನೆಯವರ ಆಫೀಸು ಕುರ್ಚಿಯಿಂದ.

ಗಾಲಿ ಇರುವ, ತಿರುಗುವ ಕುರ್ಚಿ. ಅದನ್ನು ಹಾಲಿನ ನಡುವೆ ಇಟ್ಟು ಸುತ್ತ ದಿಂಬು ಹಾಸಿ ಮಗನನ್ನು ಕೂರಿಸಿದೆ. ಕಣ್ಣು ಮುಚ್ಚು ಅಂದೆ. ಎರಡು ಸೆಕೆಂಡಿಗೆ ಒಂದು ಸುತ್ತಿನ ಹಾಗೆ, ಹತ್ತು ಸುತ್ತು ಅಂತ ನನ್ನ ಲೆಕ್ಕ. ಆರನೆಯದಕ್ಕೇ ‘ಸಾಕಮ್ಮಾ’ ಅಂದ. ಹಣೆಯಲ್ಲಿ ಸಣ್ಣಗೆ ಬೆವರು. ಅಲ್ಲಿಗೇ ನಿಲ್ಲಿಸಿದೆ. ಮರುದಿನ ಅದೇ ಕುರ್ಚಿ, ಅದೇ ವೇಗ, ಆದರೆ ಈ ಸಲ ಕಣ್ಣು ಬಿಟ್ಟುಕೊಂಡು, ತನ್ನ ಕಾಲಿನಿಂದ ನೆಲ ಒದ್ದು ತಾನೇ ತಿರುಗಬೇಕು. ಹತ್ತು ಸುತ್ತು ಮುಗಿಸಿ ಹನ್ನೊಂದನೆಯದಕ್ಕೆ ಹೊರಟ. ನಗುತ್ತಿದ್ದ.

ಅದೇ ಹುಡುಗ, ಅದೇ ಕಿವಿ, ಅದೇ ಕುರ್ಚಿ. ಯಾಕೆ ಹೀಗೆ?

ನಮ್ಮ ಕಿವಿಯ ಒಳಗೆ, ಕೇಳುವ ಭಾಗದ ಪಕ್ಕದಲ್ಲೇ, ಅರ್ಧ ಬಳೆಯಂಥ ಮೂರು ನಾಳಗಳಿವೆ. ಒಳಗೆ ದ್ರವ. ತಲೆ ತಿರುಗಿದಾಗ ನಾಳ ಕೂಡಲೇ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ. ಆ ಹಿಂದುಳಿಕೆಯಿಂದಲೇ ಮಿದುಳಿಗೆ ‘ತಿರುಗುತ್ತಿದ್ದೇವೆ’ ಅಂತ ಸುದ್ದಿ ಹೋಗೋದು. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ನಾಳದ ಜೊತೆ ಹೆಜ್ಜೆ ಹಾಕುತ್ತದೆ, ಸ್ವಲ್ಪ ಹೊತ್ತಿಗೆ ಸುದ್ದಿ ನಿಂತೇ ಹೋಗುತ್ತದೆ. ಆಮೇಲೆ ನಾವು ಗಕ್ಕನೆ ನಿಂತರೆ ದ್ರವ ನಿಲ್ಲೋದಿಲ್ಲ. ಮಜ್ಜಿಗೆ ಕಡೆಯುವಾಗ ಕಡೆಗೋಲು ನಿಲ್ಲಿಸಿದ ಮೇಲೂ ಗಡಿಗೆಯೊಳಗೆ ಮಜ್ಜಿಗೆ ಸುತ್ತುತ್ತಲೇ ಇರುತ್ತದಲ್ಲ, ಹಾಗೆ. ಆಗ ಕಿವಿ ‘ಎದುರು ದಿಕ್ಕಿಗೆ ತಿರುಗುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ‘ಇಲ್ಲ, ನಿಂತಿದ್ದೇವೆ’ ಅನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ಬಲಿ.

ಕಾರು, ಬಸ್ಸಿನಲ್ಲೂ ಜಗಳ ಇದೇ. ಪುಸ್ತಕ ಓದುವ ಮಗುವಿನ ಕಣ್ಣಿಗೆ ಅಕ್ಷರ ಸ್ಥಿರ, ಕಿವಿಗೆ ತಿರುವು. ಆದರೆ ಸ್ಟೀರಿಂಗ್ ಹಿಡಿದವನಿಗೆ ತಿರುವು ಬರುವ ಮೊದಲೇ ಅದು ಗೊತ್ತಿರುತ್ತದೆ. ಮಿದುಳು ಮೊದಲೇ ಸಿದ್ಧವಾಗಿರೋದರಿಂದ ಕಿವಿ ಕಣ್ಣುಗಳ ನಡುವೆ ಜಗಳಕ್ಕೆ ಜಾಗ ಕಡಿಮೆ. ಘಟ್ಟದಲ್ಲಿ ಡ್ರೈವರ್ ವಾಂತಿ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಮಗನಿಗೆ ಕುರ್ಚಿಯಲ್ಲಿ ಆದದ್ದು ಅದೇ. ಹಾಗಾದರೆ ಕಪ್ಪಿನಲ್ಲಿ ಚಕ್ರ ಅವನ ಕೈಯಲ್ಲೇ ಇರಬೇಕು, ಅಪ್ಪ ಪಕ್ಕದಲ್ಲಿ ಕೈ ಕಟ್ಟಿ ಕೂರಬೇಕು. ಅಪ್ಪಂದಿರಿಗೆ ಇದು ಕಷ್ಟದ ಕೆಲಸ. ‘ನೀನು ಒಂದು ಬೆರಳೂ ಮುಟ್ಟಕೂಡದು ರೀ’ ಅಂತ ನೀನು-ರೀ ಕಲಸಿ ಬೈದು ಒಪ್ಪಿಸಿದೆ. ಅವರ ಹೊಟ್ಟೆಯ ಚಿಂತೆ ಇರಲಿಲ್ಲ. ದಾವಣಗೆರೆಯವರು, ಎಂಥ ರಸ್ತೆಯಲ್ಲೂ ನಿದ್ದೆ ಹೊಡೆಯುವ ಜನ.

ಮಗಳ ಸರದಿ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಪ್ರಯಾಣದ ವಾಂತಿ ಬರೋದು ಅಪರೂಪ, ಅದು ಜೋರಾಗೋದು ಸುಮಾರು ಆರರಿಂದ ಹನ್ನೆರಡರ ನಡುವೆ ಅಂತ ಮಕ್ಕಳ ಡಾಕ್ಟರು ಹೇಳಿದ್ದರು. ಅಂದರೆ ಮಗ ನಟ್ಟನಡುವೆ ಇದ್ದಾನೆ, ಮಗಳು ಇನ್ನೂ ಹೊಸ್ತಿಲಲ್ಲಿ. ಕುರ್ಚಿಯಲ್ಲಿ ಅವಳು ಎಡಕ್ಕೆ ಹತ್ತು, ಬಲಕ್ಕೆ ಹತ್ತು ಸುತ್ತಿ ‘ಇನ್ನೂ ಜೋರು’ ಅಂದಳು. ನಿಲ್ಲಿಸಿದ ಮೇಲೆ ಅವಳ ಕಣ್ಣುಗುಡ್ಡೆ ಒಂದಷ್ಟು ಹೊತ್ತು ಅತ್ತಿತ್ತ ಜಗ್ಗುತ್ತಿತ್ತು. ಅದು ಸಹಜ, ಮಜ್ಜಿಗೆ ಇನ್ನೂ ಸುತ್ತುತ್ತಿದೆ ಅಂತ ಅರ್ಥ. ನಾನು ನೋಡುತ್ತಿದ್ದದ್ದು ಬೇರೆ ಗುರುತುಗಳನ್ನು: ಆಕಳಿಕೆ, ಪದೇ ಪದೇ ಉಗುಳು ನುಂಗೋದು, ತುಟಿ ಬಿಳಿಚೋದು, ಎಲ್ಲಕ್ಕಿಂತ ಮುಖ್ಯವಾಗಿ ಮಾತು ನಿಲ್ಲೋದು. ಗಲಗಲ ಅನ್ನುತ್ತಿದ್ದ ಮಗು ಸುಮ್ಮನಾದರೆ ಘಟ್ಟದ ಕಂಡಕ್ಟರೇ ಹಿಂದೆ ತಿರುಗಿ ‘ಕಿಟಕಿ ತೆಗೀರಿ’ ಅನ್ನುತ್ತಿದ್ದ. ಮಗಳ ಬಾಯಿ ನಿಲ್ಲಲಿಲ್ಲ. ಪಾಸು.

ಕಷ್ಟವಾದದ್ದು ಆಯಿಯ ವಿಷಯ.

ಆಯಿಗೆ 66. ದೇವಿಮನೆ ಘಟ್ಟದಲ್ಲಿ ನಾವೆಲ್ಲ ಬಸ್ಸಿನ ಕಿಟಕಿಗೆ ತಲೆ ಕೊಟ್ಟಿದ್ದಾಗ ಅವಳು ಮಡಿಲಲ್ಲಿ ಹೂವು ಹಾಕಿಕೊಂಡು ದಂಡೆ ಕಟ್ಟುತ್ತಿದ್ದಳು. ನನ್ನ ಘಟ್ಟದ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ನೂರು. ಆದರೆ ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಮಂಚದಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಮಾಡು ಗರ್ರನೆ ತಿರುಗಿತು ಅಂತ ಕೂಗಿಕೊಂಡಿದ್ದಳು. ಕಿವಿಯೊಳಗೆ ಕ್ಯಾಲ್ಸಿಯಂನ ಸಣ್ಣ ಹರಳುಗಳಿರುತ್ತವೆ, ಅವು ತಮ್ಮ ಜಾಗ ಬಿಟ್ಟು ಆ ಬಳೆಯಂಥ ನಾಳಕ್ಕೆ ಬಿದ್ದರೆ ಹೀಗಾಗುತ್ತದೆ. ಡಾಕ್ಟರು ಅವಳನ್ನು ಮಲಗಿಸಿ ತಲೆಯನ್ನು ಒಂದೊಂದೇ ಕೋನಕ್ಕೆ ಹೊರಳಿಸಿ ಹರಳನ್ನು ಹಿಂದಕ್ಕೆ ಸಾಗಿಸಿದ್ದರು. ಎಪ್ಲಿ ಅನ್ನುವವರ ಹೆಸರಿನಲ್ಲಿರುವ ವಿಧಾನ ಅದು, ಮಾತ್ರೆಯೂ ಬೇಡ, ಚುಚ್ಚುಮದ್ದೂ ಬೇಡ. ಆಯಿಗೆ ಅದು ಇವತ್ತಿಗೂ ಮಂತ್ರ ಹಾಕಿದ ಹಾಗೆಯೇ. ಈ ಕಾಯಿಲೆ ಒಮ್ಮೆ ಬಂದವರಿಗೆ ಮತ್ತೆ ಬರೋದೂ ಉಂಟು.

ಆಯಿಗೆ ಕಪ್ಪು ಹತ್ತುವ ಆಸೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ‘ಅಮ್ಮಮ್ಮ ಬ್ಯಾಗ್ ಹಿಡ್ಕೊಂಡು ಕೂರ್ತಾಳೆ’ ಅಂತ ನಾನು ಮಕ್ಕಳ ಹತ್ತಿರ ಹೇಳೋದನ್ನು ಅಡುಗೆಮನೆಯಿಂದ ಕೇಳಿಸಿಕೊಂಡು, ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ‘ಯಂಗೆ ಎಂತೂ ಆಗ್ತಿಲ್ಲೆ’ ಅಂದಳು. ಅವಳು ಅಷ್ಟು ದೂರ ಬಂದದ್ದು ಬ್ಯಾಗು ಕಾಯೋದಕ್ಕಲ್ಲ ಅನ್ನೋದು ಆ ಮುಖದಲ್ಲಿತ್ತು. ನನಗೆ ನಾಚಿಕೆಯಾಯಿತು. ಮನೆಯ ದೊಡ್ಡವರ ವಿಷಯದಲ್ಲಿ ನಾವು ಎಷ್ಟು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡುವ ಧೈರ್ಯ ಮಾತ್ರ ಮಾಡಲಿಲ್ಲ, ನೀವೂ ಮಾಡಬೇಡಿ. ಊರಿನ ಡಾಕ್ಟರಿಗೆ ಫೋನ್ ಮಾಡಿ ಇಬ್ಬರೂ ಒಟ್ಟಿಗೆ ಮಾತಾಡಿದೆವು. ಜೋರು ಸುತ್ತು, ತಲೆ ಕುಲುಕುವ ಏಟು ಎರಡೂ ಬೇಡ, ನಿಧಾನಕ್ಕೆ ನೆಟ್ಟಗೆ ಕೂತು ತಿರುಗುವುದಾದರೆ ಅಡ್ಡಿಯಿಲ್ಲ ಅಂದರು. ಡಾಕ್ಟರ ಮಾತನ್ನು ನನ್ನ ಬಾಯಿಂದ ಕೇಳೋದಕ್ಕೂ ಅವರ ಬಾಯಿಂದಲೇ ಕೇಳೋದಕ್ಕೂ ಅವಳಿಗೆ ವ್ಯತ್ಯಾಸ ಇತ್ತು.

ಆದ್ದರಿಂದ ಅವಳಿಗೆ ಬೇರೆ ಸುತ್ತು ಹುಡುಕಿದೆ. ಕಪ್ಪಿನ ಆಟದಿಂದ ಸ್ವಲ್ಪವೇ ದೂರದಲ್ಲಿ ಮರದ ಕುದುರೆಗಳ ಒಂದು ಕ್ಯಾರೊಸೆಲ್ ಇದೆ. ಅದು ಡಿಸ್ನಿಗಿಂತಲೂ ಹಳೆಯದು: 1917ರಲ್ಲಿ ಫಿಲಡೆಲ್ಫಿಯಾದ ಕಂಪನಿಯೊಂದು ಮಾಡಿದ್ದು, ಮೊದಲು ಡೆಟ್ರಾಯಿಟಿನಲ್ಲಿ, ಆಮೇಲೆ ನ್ಯೂಜೆರ್ಸಿಯ ಒಂದು ಪಾರ್ಕಿನಲ್ಲಿ ತಿರುಗಿ, 1967ರಲ್ಲಿ ಡಿಸ್ನಿಯವರ ಕೈಸೇರಿತು. ಕುದುರೆಗಳು ಏರಿ ಇಳಿಯುತ್ತವೆ. ಆದರೆ ನಡುವೆ ಒಂದು ರಥವೂ ಇದೆ, ಅದು ಅಲುಗಾಡದೆ ನೆಟ್ಟಗೆ ಸಾಗುತ್ತದೆ. ಆಯಿಗೆ ಹೇಳಿದೆ. ‘ತೇರೇ ಇದ್ದರೆ ಕಪ್ಪು ಯಾತಕ್ಕೆ’ ಅಂದಳು.

ಮಾತ್ರೆಯ ವಿಷಯ ಎರಡೇ ಮಾತು. ಊರಲ್ಲಿ ಅವೋಮಿನ್ ಕೊಡುತ್ತಿದ್ದ ಹಾಗೆ ಇಲ್ಲಿ ಡ್ರಾಮಮೈನ್, ಬೊನೈನ್ ಅಂತ ಅಂಗಡಿಯಲ್ಲೇ ಸಿಗುತ್ತವೆ. ಇಂಥವು ಸಾಮಾನ್ಯವಾಗಿ ನಿದ್ದೆ ತರಿಸುತ್ತವೆ, ವಾಂತಿ ಶುರುವಾದ ಮೇಲೆ ತಗೊಂಡು ಪ್ರಯೋಜನವಿಲ್ಲ, ಮೊದಲೇ ತಗೋಬೇಕು. ಒಂದೂವರೆ ನಿಮಿಷದ ಆಟಕ್ಕೆ ಮಗನಿಗೆ ಅರ್ಧ ದಿನದ ತೂಕಡಿಕೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕಾರಿಗೆ ಕೊಟ್ಟೆ, ಅದೂ ಡಾಕ್ಟರನ್ನು ಕೇಳಿ. ಕಪ್ಪಿಗೆ ಕೊಡಲಿಲ್ಲ.

ಆ ದಿನ ಬೆಳಗ್ಗೆ ಹೊಟ್ಟೆ ತೀರ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು ಅಂತ ಹೋಟೆಲಿನ ರೂಮಿನಲ್ಲೇ ಅವಲಕ್ಕಿ ಮೊಸರು ತಿಂದು ಹೊರಟೆವು. ಗೇಟು ದಾಟಿ ಕಪ್ಪಿನ ಹತ್ತಿರ ಬಂದಾಗ ತಿಂದು ಹೆಚ್ಚು ಕಡಿಮೆ ಎರಡು ಗಂಟೆಯಾಗಿತ್ತು. ಮಗಳು ಸಾಲಿನ ಕಡೆಗೆ ಎಳೆದಳು. ನಾನು ಬೇಲಿಯ ಹತ್ತಿರ ನಿಲ್ಲಿಸಿದೆ. ಒಂದು ಸರದಿ ಪೂರ್ತಿ ನೋಡಿಯೇ ಹತ್ತೋದು ಅಂತ ಮೊದಲೇ ಒಪ್ಪಂದವಾಗಿತ್ತು.

ನಿಂತು ನೋಡೋದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಫೋನಿನ ಗಡಿಯಾರ ಹಚ್ಚಿ ಮಗನ ಕೈಗೆ ಕೊಟ್ಟೆ. ಎಲ್ಲ ಕಪ್ಪೂ ಒಂದೇ ವೇಗದಲ್ಲಿ ತಿರುಗೋದಿಲ್ಲ ಅನ್ನೋದು ಅವನಿಗೆ ತಾನಾಗಿಯೇ ಕಂಡಿತು. ನಾಲ್ವರು ಕಾಲೇಜು ಹುಡುಗರ ಕಪ್ಪು ಬುಗುರಿಯ ಹಾಗೆ, ಅಜ್ಜ ಮತ್ತು ಮೊಮ್ಮಗುವಿನ ಕಪ್ಪು ಬೆಣ್ಣೆ ಕಾಯಿಸಿದ ಹಾಗೆ. ಯಾವ ಬಣ್ಣದ ಕಪ್ಪು ಜೋರು ಅಂತ ಜನ ವಾದ ಮಾಡುತ್ತಾರಂತೆ. ನನ್ನ ಕಣ್ಣಿಗಂತೂ ಬಣ್ಣಕ್ಕಿಂತ ಒಳಗೆ ಕೂತವರ ತೋಳೇ ಮುಖ್ಯ ಅನ್ನಿಸಿತು. ಇಳಿದು ಬರುವವರ ಮುಖಗಳನ್ನೂ ನೋಡಿದೆವು. ‘ಆ ಅಂಕಲ್ಲಿಗೆ ಆಗಲಿಲ್ಲ’ ಅಂತ ಮಗ ಮೆಲ್ಲಗೆ ಹೇಳಿದ. ಅವನಿಗೆ ಅದರಿಂದ ಒಂದು ಸಮಾಧಾನ ಬಂದ ಹಾಗಿತ್ತು. ತನಗೊಬ್ಬನಿಗೇ ಹೀಗೆ ಅಂತ ಎರಡು ವರ್ಷದಿಂದ ಅಂದುಕೊಂಡಿದ್ದ ಅಂತ ಕಾಣುತ್ತದೆ.

ಮೊದಲ ಸರದಿ ನಾನು ಮತ್ತು ಮಗಳು. ಎರಡು ಸುತ್ತು ಯಂತ್ರದ್ದು, ಮೂರನೆಯದು ಬೇಡ ಅಂತ ನಾನು ಚಕ್ರವನ್ನು ಗಟ್ಟಿಯಾಗಿ ಹಿಡಿದು ಕೂತೆ. ಹರಿವಾಣ ತಿರುಗಿತು, ತಟ್ಟೆ ತಿರುಗಿತು, ನಾವು ತೇರಿನಲ್ಲಿ ಕೂತ ದೇವರ ಹಾಗೆ ಮೆಲ್ಲಗೆ ತೇಲಿದೆವು. ನನಗೆ ಏನೂ ಆಗಲಿಲ್ಲ, ಬೀಗಿದೆ. ಮಗಳು ಸುತ್ತಲಿನ ಕಪ್ಪುಗಳನ್ನೆಲ್ಲ ಒಂದು ಸಲ ನೋಡಿದಳು, ನಮ್ಮ ಕಪ್ಪನ್ನು ನೋಡಿದಳು, ತುಟಿ ಉಬ್ಬಿಸಿ ಅಳುವ ದನಿಯಲ್ಲಿ ಅಂದಳು: ‘ಅಮ್ಮಾ, ನಮ್ಮ ಕಪ್ಪು ಕೆಟ್ಟುಹೋಗಿದೆ.’

ಆಮೇಲೆ ಅಪ್ಪ ಮಗ. ಮಗ ಎರಡೂ ಕೈಯಲ್ಲಿ ಚಕ್ರ ಹಿಡಿದು ಮೊದಲು ನಿಧಾನ, ಆಮೇಲೆ ಸ್ವಲ್ಪ ಜೋರು, ನಡುವೆ ಒಮ್ಮೆ ತಾನೇ ನಿಲ್ಲಿಸಿ ಉಸಿರು ತಗೊಂಡು, ಮತ್ತೆ ಶುರು ಮಾಡಿದ. ನಾವು ಹೇಳಿಕೊಟ್ಟ ಇನ್ನೆರಡು ಮಾತು ನೆನಪಿಟ್ಟಿದ್ದ: ಬೆನ್ನು ತಲೆ ನೆಟ್ಟಗೆ ಇರಬೇಕು, ಕಣ್ಣು ಹೊರಗಿನ ಗಿರಗಿಟ್ಟಲೆಯ ಮೇಲೆ ಬೇಡ, ಕಪ್ಪಿನೊಳಗೆ ಎದುರಿಗೆ ಕೂತ ಅಪ್ಪನ ಮೂಗಿನ ಮೇಲಿರಲಿ. ತಿರುಗುತ್ತಿರುವಾಗ ತಲೆ ಬಗ್ಗಿಸಿದರೆ ಅಥವಾ ಅಡ್ಡ ವಾಲಿಸಿದರೆ ಆ ಮೂರು ನಾಳಗಳೂ ಒಂದೊಂದು ಕಥೆ ಹೇಳತೊಡಗುತ್ತವೆ, ಹೊಟ್ಟೆ ತೊಳಸೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಇಳಿದು ಬಂದವನು ಎರಡು ಹೆಜ್ಜೆ ಓಲಾಡಿ ನಿಂತು ‘ಅಮ್ಮಾ, ಮಾತಾಡ್ತಾ ಇದೀನಿ ನೋಡು, ನಿಲ್ಲಿಸಿಲ್ಲ’ ಅಂದ.

ಇಲ್ಲಿಗೆ ಮುಗಿಸಿದ್ದರೆ ಎಲ್ಲ ನನ್ನ ಲೆಕ್ಕದಂತೆಯೇ ನಡೆಯಿತು ಅಂತ ಬರೆಯಬಹುದಿತ್ತು. ಆದರೆ ಮಗಳ ಕಪ್ಪು ಕೆಟ್ಟಿತ್ತಲ್ಲ. ಅದನ್ನು ರಿಪೇರಿ ಮಾಡದೆ ಅವಳು ಅಲ್ಲಿಂದ ಕದಲುವ ಹಾಗಿರಲಿಲ್ಲ. ಸಾಲು ಚಿಕ್ಕದಿತ್ತು, ಇನ್ನೊಂದು ಸರದಿ ಅಂದೆ. ಅಣ್ಣನಿಗೆ ಚಕ್ರ ಕೊಟ್ಟಿದ್ದು ನೋಡಿದ್ದಾಳೆ, ತನಗೂ ಬೇಕು. ನಾನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ನಾಲ್ಕು ವರ್ಷದ ತೋಳಿನಲ್ಲಿ ಎಷ್ಟು ಬಲ ಇದ್ದೀತು ಅಂತ ಲೆಕ್ಕ. ಆದರೆ ತಟ್ಟೆಯ ಓಟವೂ ಸೇರಿ ಒಮ್ಮೆ ಹದ ಸಿಕ್ಕಿದ ಮೇಲೆ ಕಪ್ಪು ಸಲೀಸಾಗಿ ತಿರುಗತೊಡಗಿತು. ಅವಳು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಯಾವಾಗ ಯಾವ ಕಡೆ ಅನ್ನೋದು ಅವಳಿಗೆ ಮಾತ್ರ ಗೊತ್ತು. ನಾನು ಅವಳ ಬೆರಳು ಸಿಕ್ಕಿಹಾಕಿಕೊಂಡೀತು ಅಂತ ತಲೆ ಬಗ್ಗಿಸಿ ಚಕ್ರವನ್ನೇ ನೋಡುತ್ತಿದ್ದೆ. ಮಗನಿಗೆ ಮಾಡಬೇಡ ಅಂದದ್ದನ್ನೆಲ್ಲ ಒಂದೊಂದಾಗಿ ನಾನೇ ಮಾಡುತ್ತಿದ್ದೆ.

ಅರ್ಧಕ್ಕೆ ಬರುವ ಹೊತ್ತಿಗೆ ಕೈ ತಣ್ಣಗಾಯಿತು. ಬಾಯಲ್ಲಿ ನೀರು. ಮೂವತ್ತು ವರ್ಷದ ಹಿಂದಿನ ಡೀಸೆಲ್ ವಾಸನೆ, ಕಿಟಕಿಯ ಕಬ್ಬಿಣದ ಸರಳಿನ ವಾಸನೆ ಎಲ್ಲಿಂದಲೋ ಬಂತು.

ಇಳಿದು ಬೆಂಚಿನವರೆಗೆ ಹೇಗೆ ಬಂದೆನೋ. ವಾಂತಿ ಆಗಲಿಲ್ಲ, ಆಗಿದ್ದರೆ ಹಗುರಾಗುತ್ತಿತ್ತು. ಬರೋಬ್ಬರಿ ಒಂದು ಗಂಟೆ ಕಣ್ಣು ಮುಚ್ಚಿ ಕೂತಿದ್ದೆ. ಆಮೇಲೆ ತ್ರಿಡಿ ಸಿನಿಮಾ ನೋಡೋದು ಅಂತಿತ್ತು, ಕಣ್ಣು ಕಿವಿಯ ಜಗಳಕ್ಕೆ ಇನ್ನಷ್ಟು ಸೌದೆ ಯಾಕೆ ಅಂತ ಅದನ್ನು ಬಿಟ್ಟು ಮಕ್ಕಳನ್ನು ನಿಧಾನದ ದೋಣಿಯ ಆಟಕ್ಕೆ ಅವರಪ್ಪನ ಜೊತೆ ಕಳಿಸಿದೆ.

ಕಣ್ಣು ಮುಚ್ಚಿ ಕೂತಾಗ ಹೊಳೆಯಿತು. ಘಟ್ಟದ ವಾಂತಿ ನನಗೆ ದೊಡ್ಡವಳಾದ ಮೇಲೆ ಬಿಟ್ಟುಹೋಯಿತು ಅಂತಲೇ ನಾನು ನಂಬಿದ್ದೆ. ಮನೆಯವರೆಲ್ಲರ ಲೆಕ್ಕ ಹಾಕಿದ ನಾನು ನನ್ನ ಹೆಸರನ್ನು ಪಟ್ಟಿಯಲ್ಲಿ ಬರೆದೇ ಇರಲಿಲ್ಲ. ಅದು ಬಿಟ್ಟು ಹೋಗಿರಲೇ ಇಲ್ಲ. ಈ ದೇಶಕ್ಕೆ ಬಂದಾಗಿನಿಂದ ಕಾರು ಓಡಿಸೋದು ಯಾವಾಗಲೂ ನಾನೇ. ನಮ್ಮನೆಯವರು ಪಕ್ಕದಲ್ಲಿ ಗೊರಕೆ. ಹದಿನಾಲ್ಕು ವರ್ಷದಿಂದ ಸ್ಟೀರಿಂಗ್ ನನ್ನ ಕೈಯಲ್ಲಿದೆ, ಹಾಗಾಗಿ ಹೊಟ್ಟೆ ಸುಮ್ಮನಿದೆ. ಮೊದಲ ಸರದಿಯಲ್ಲಿ ಏನೂ ಆಗದೆ ಬೀಗಿದ್ದೆನಲ್ಲ, ಆಗಲೂ ಚಕ್ರ ನನ್ನ ಕೈಯಲ್ಲೇ ಇತ್ತು. ಇನ್ನೊಂದನ್ನೂ ಮರೆತಿದ್ದೆ: ನನಗೆ ಅರೆತಲೆನೋವಿದೆ, ಅದು ಇರುವವರಿಗೆ ಈ ತೊಂದರೆ ಉಳಿದವರಿಗಿಂತ ಹೆಚ್ಚು ಕಾಡುತ್ತದೆ.

ಆಯಿ ಪಕ್ಕದಲ್ಲಿ ಕೂತಿದ್ದಳು. ರಥದಲ್ಲಿ ಎರಡು ಸುತ್ತು ಹಾಕಿ ಬಂದಿದ್ದಳು, ಸೆರಗು ಕೂಡ ಕದಲಿರಲಿಲ್ಲ. ತನ್ನ ಚೀಲದಿಂದ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಒಣಗಿಸಿದ ಉಪ್ಪು ನೆಲ್ಲಿಕಾಯಿ. ಶಿರಸಿಯಿಂದ ಅಟ್ಲಾಂಟಾಕ್ಕೆ, ಅಟ್ಲಾಂಟಾದಿಂದ ಇಲ್ಲಿಗೆ. ‘ತಗ’ ಅಂದಳು. ಇದನ್ನು ಯಾರಿಗೆ ಅಂತ ಹಿಡಿದುಕೊಂಡು ಬಂದದ್ದು ಅಂತ ಕೇಳಿದರೆ ನನ್ನ ಮುಖವನ್ನೇ ನೋಡಿದಳು.

ಮುಂದಿನ ಎರಡು ದಿನಕ್ಕೆ ಪಟ್ಟಿಯನ್ನು ಮತ್ತೆ ಬರೆದೆವು, ಈ ಸಲ ನನ್ನ ಹೆಸರೂ ಸೇರಿಸಿ. ಪ್ರತಿ ಆಟಕ್ಕೂ ಕೇಳಿಕೊಂಡ ಪ್ರಶ್ನೆ, ಸುತ್ತು ಯಾರ ಕೈಯಲ್ಲಿದೆ ಅಂತ. ಡಂಬೊ ಆನೆ ಒಂದೇ ವೃತ್ತದಲ್ಲಿ ಹಾರುತ್ತದೆ, ಮೇಲೆ ಕೆಳಗೆ ಹೋಗುವ ಸನ್ನೆ ನಮ್ಮ ಹತ್ತಿರವೇ ಇರುತ್ತದೆ. ಅದಕ್ಕೆ ನಾನೂ ಹೂಂ ಅಂದೆ. ಡಿಸ್ನಿಯ ಇನ್ನೊಂದು ಪಾರ್ಕು ಹಾಲಿವುಡ್ ಸ್ಟುಡಿಯೋಸ್‌ನಲ್ಲಿ 2018ರಲ್ಲಿ ಬಂದ ಏಲಿಯನ್ ಸ್ವರ್ಲಿಂಗ್ ಸಾಸರ್ಸ್ ನೋಡೋಕೆ ಕಪ್ಪಿನ ತಮ್ಮನ ಹಾಗಿದೆ, 81 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಆದರೆ ಅದರಲ್ಲಿ ಹಿಡಿಯೋಕೆ ಚಕ್ರ ಇಲ್ಲ, ಚಾಟಿ ಬೀಸಿದ ಹಾಗೆ ಪಕ್ಕಕ್ಕೆ ಜಗ್ಗುತ್ತದೆ. ಮಗ ಬೇಲಿಯಲ್ಲಿ ನಿಂತು ನೋಡಿ ತಾನೇ ‘ನಂಗೆ ಬೇಡ’ ಅಂದ. ಮಗಳು ಅಪ್ಪನ ಜೊತೆ ಹೋದಳು. ಜಗ್ಗಿದಾಗ ದೊಡ್ಡವರ ಮೈಭಾರ ಮಗುವಿನ ಮೇಲೆ ಬೀಳದಿರಲಿ ಅಂತ ಅವರು ಹೊರಬದಿಗೆ ಕೂತರು.

ಡಿಸ್ನಿಯವರದೇ ಮತ್ತೊಂದು ಪಾರ್ಕು ಎಪ್ಕಾಟ್‌ನ ಮಿಷನ್ ಸ್ಪೇಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದು ತಿರುಗುವ ಆಟ ಅಂತ ಹೊರಗಿಂದ ನೋಡಿದರೆ ಗೊತ್ತೇ ಆಗೋದಿಲ್ಲ. 2003ರಲ್ಲಿ ಶುರುವಾದದ್ದು. ರಾಕೆಟ್ಟಿನ ಕೋಣೆಯಲ್ಲಿ ಕೂರಿಸಿ ಇಡೀ ಕೋಣೆಯನ್ನು ದೊಡ್ಡ ತೋಳಿನ ತುದಿಯಲ್ಲಿ ಬೀಸಿ ತಿರುಗಿಸುತ್ತಾರೆ, ಎದೆಯ ಮೇಲೆ ಭಾರ ಬಿದ್ದದ್ದು ಮಾತ್ರ ಗೊತ್ತಾಗುತ್ತದೆ. ಈಗ ಅದರಲ್ಲಿ ಎರಡು ಬಗೆ ಇದೆ: ಕಿತ್ತಳೆ ಬಣ್ಣದ್ದು ತಿರುಗುತ್ತದೆ, ಹಸಿರು ತಿರುಗೋದಿಲ್ಲ. ಮಗನಿಗೆ ಹಸಿರು. ನಮ್ಮನೆಯವರಿಗೆ ಕಿತ್ತಳೆ. ಹೊರಗೆ ಬಂದು ‘ಏನೂ ಇಲ್ಲ ಅದ್ರಲ್ಲಿ’ ಅಂದರು, ಆದರೆ ಮಧ್ಯಾಹ್ನ ಊಟ ಬೇಡ ಅಂದದ್ದನ್ನು ಆಯಿ ಗಮನಿಸಿದಳು.

ಇಬ್ಬರು ದೊಡ್ಡವರಿರುವ ಕುಟುಂಬಕ್ಕೆ ರೈಡರ್ ಸ್ವಿಚ್ ಅಂತ ಒಂದು ಅನುಕೂಲ ಇದೆ. ಒಬ್ಬರು ಮಗುವಿನ ಜೊತೆ ಹೊರಗೆ ನಿಂತು, ಇನ್ನೊಬ್ಬರು ಇಳಿದ ಮೇಲೆ ಮೊದಲಿನಿಂದ ಸಾಲು ನಿಲ್ಲದೆ ಹೋಗಬಹುದು. ಎಲ್ಲ ಆಟಕ್ಕೂ ಇಲ್ಲ, ಬಾಗಿಲಲ್ಲಿರುವವರನ್ನು ಕೇಳಿದರೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹೊರಗೆ ನಿಲ್ಲುವವಳು ಯಾರು ಅಂತ ಮೂರನೆಯ ದಿನ ಯಾರೂ ಕೇಳಲಿಲ್ಲ.

ವಾಪಸು ಹೊರಟಾಗ ಅಟ್ಲಾಂಟಾಕ್ಕೆ ಏಳು ಗಂಟೆಯ ದಾರಿ. ಪಾರ್ಕಿಂಗಿನಲ್ಲಿ ನಮ್ಮನೆಯವರು ಬೀಗದ ಕೈಗೆ ಕೈ ಚಾಚಿ, ‘ಸುಸ್ತಾಗಿದೀಯ, ಅರ್ಧ ದಾರಿ ನಾನು ಓಡಿಸ್ತೀನಿ’ ಅಂದರು. ಹಿಂದಿನ ಸೀಟಿನಿಂದ ಆಯಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ನಾನು ಬೀಗದ ಕೈ ಕೊಡಲಿಲ್ಲ.